ಕುರೂಪಿ ಟ್ಯಾಂಕುಗಳು: ಆ ಆಕಾರ ಯಾಕೆ ಬಂತು?

1915ರ ಆರಂಭ. ಹೊರಗೆ ಮಹಾಯುದ್ಧ ನಡೆಯುತ್ತಿದೆ. ಅರಮನೆಯಲ್ಲಿ ರಷ್ಯಾದ ಚಕ್ರವರ್ತಿ ಎರಡನೇ ನಿಕೊಲಾಸ್ ನೆಲದ ಮೇಲೆ ಕೂತು ಆಟಿಕೆ ಓಡಿಸುತ್ತಿದ್ದಾನೆ. ತಂದವನು ನಿಕೊಲಾಯ್ ಲೆಬೆಡೆಂಕೊ ಎಂಬ ಎಂಜಿನಿಯರ್. ಯುದ್ಧದ ಗಾಡಿಯೊಂದರ ಮರದ ಮಾದರಿ, ಒಳಗೆ ಗ್ರಾಮೊಫೋನಿನ ಸ್ಪ್ರಿಂಗ್. ಕೀಲಿ ಕೊಟ್ಟರೆ ತಾನೇ ಓಡುತ್ತದೆ. ಇಬ್ಬರೂ ಸೇರಿ ಕಾನೂನಿನ ದಪ್ಪ ದಪ್ಪ ಪುಸ್ತಕಗಳನ್ನು ಅದರ ದಾರಿಗೆ ಅಡ್ಡ ಇಟ್ಟರಂತೆ. ಅದು ಅವನ್ನೂ ಹತ್ತಿ ಇಳಿಯಿತಂತೆ. ಚಕ್ರವರ್ತಿ ಖುಷಿಯಾಗಿ ಹಣ ಮಂಜೂರು ಮಾಡಿದ.

ಅದೇ ವರ್ಷ ಆಗಸ್ಟ್‌ನಲ್ಲಿ ಮಾಸ್ಕೋದ ಉತ್ತರಕ್ಕೆ, ದ್ಮಿತ್ರೊವ್ ಹತ್ತಿರದ ಕಾಡಿನಲ್ಲಿ, ನಿಜವಾದ ಗಾಡಿ ಎದ್ದು ನಿಂತಿತು. ಮುಂದೆ ಸೈಕಲ್ ಚಕ್ರದಂಥ ಕಡ್ಡಿಗಳಿರುವ ಎರಡು ಚಕ್ರ. ಒಂದೊಂದೂ 9 ಮೀಟರ್ ಎತ್ತರ, ಅಂದರೆ ಮೂರಂತಸ್ತಿನ ಮನೆಯಷ್ಟು. ಹಿಂದೆ ಮಾತ್ರ ಒಂದೂವರೆ ಮೀಟರಿನ ಪುಟ್ಟ ಉರುಳೆ. ತಲಾ ಸುಮಾರು 240 ಅಶ್ವಶಕ್ತಿಯ ಎರಡು ಎಂಜಿನ್. ಹೊರಟ ಕೂಡಲೇ ಅಡ್ಡ ಬಂದ ಮರವನ್ನು ಕಡ್ಡಿಯಂತೆ ಮುರಿದು ಹಾಕಿತು. ಸ್ವಲ್ಪ ದೂರ ಹೋಯಿತೋ ಇಲ್ಲವೋ, ಹಿಂದಿನ ಉರುಳೆ ಮೆತ್ತನೆ ನೆಲದಲ್ಲಿ ಹೂತುಕೊಂಡಿತು. ಎಷ್ಟು ಎಳೆದರೂ ಬರಲಿಲ್ಲ. ಅದು ಅಲ್ಲೇ ಕೂತಿತು. 1923ರಲ್ಲಿ ಗುಜರಿಗೆ ಒಡೆಯುವವರೆಗೂ ಅಲ್ಲೇ ಇತ್ತು.

ಎತ್ತಿನ ಗಾಡಿಗೆ ಹೇರು ತುಂಬಿದವರಿಗೆ ಇದರ ತಪ್ಪು ತಟ್ಟನೆ ಹೊಳೆಯುತ್ತದೆ. ಭಾರವೆಲ್ಲ ಹಿಂದೆ ಬಿದ್ದರೆ ನೊಗ ಮೇಲೇಳುತ್ತದೆ ಅಲ್ವಾ? ಲೆಬೆಡೆಂಕೊ ಮುಂದಿನ ಚಕ್ರಗಳ ಬಗ್ಗೆ ಚೆನ್ನಾಗಿ ಯೋಚಿಸಿದ್ದ. 9 ಮೀಟರಿನ ಚಕ್ರಕ್ಕೆ ಎರಡು-ಮೂರು ಮೀಟರಿನ ಕಂದಕ ಲೆಕ್ಕಕ್ಕೇ ಇಲ್ಲ. ಹಿಂದಿನ ಉರುಳೆಯ ಮೇಲೆ ಎಷ್ಟು ಭಾರ ಬೀಳುತ್ತದೆ ಅನ್ನುವ ಲೆಕ್ಕ ಮಾತ್ರ ತಪ್ಪಿತು.

ಈ ಗಾಡಿಯ ಫೋಟೊ ನೋಡಿದವರು ನಗುತ್ತಾರೆ. ನಾನೂ ನಕ್ಕಿದ್ದೇನೆ. ಆದರೆ ಇಂಥ ಗಾಡಿಗಳನ್ನು ನೋಡುವಾಗ ಒಂದು ಆಟ ಆಡಬಹುದು. ಆಕಾರ ನೋಡಿ, ಇದನ್ನು ಮಾಡಿದವನ ತಲೆ ತಿಂದ ಪ್ರಶ್ನೆ ಯಾವುದು ಅಂತ ಊಹಿಸುವುದು. ಆಗ ಕುರೂಪದ ಒಂದೊಂದು ಉಬ್ಬಿಗೂ ತಗ್ಗಿಗೂ ಕಾರಣ ಸಿಗುತ್ತದೆ.

ಮೊದಲ ಪ್ರಶ್ನೆ ಮುಳ್ಳುತಂತಿ. 1914ರ ಕೊನೆಗೆ ಫ್ರಾನ್ಸಿನಲ್ಲಿ ಎರಡೂ ಕಡೆಯವರು ನೆಲ ಅಗೆದು ಕಂದಕಗಳಲ್ಲಿ ಕೂತಿದ್ದರು. ನಡುವಿನ ಬಯಲಲ್ಲಿ ಸುರುಳಿ ಸುರುಳಿ ಮುಳ್ಳುತಂತಿ. ಎದ್ದು ಓಡಿದವನು ತಂತಿಗೆ ಸಿಕ್ಕಿಕೊಳ್ಳುತ್ತಿದ್ದ, ಅಷ್ಟರಲ್ಲಿ ಮಷಿನ್ ಗನ್ ಅವನನ್ನು ಮುಗಿಸುತ್ತಿತ್ತು. ಈ ತಂತಿಗೆ ಒಂದು ಮದ್ದು ನಮ್ಮ ಬೆಂಗಳೂರಿನಲ್ಲೇ ಹುಟ್ಟಿತ್ತು. 1912ರಲ್ಲಿ ಇಲ್ಲಿದ್ದ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರುಗಳು) ದಳದ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ ಉದ್ದನೆ ಪೈಪಿನಲ್ಲಿ ಸ್ಫೋಟಕ ತುಂಬಿ, ಬೇಲಿಯಡಿ ತೂರಿಸಿ ಸಿಡಿಸುವ ಉಪಾಯ ಮಾಡಿದ. ಇವತ್ತಿಗೂ ಜಗತ್ತಿನ ಸೇನೆಗಳಲ್ಲಿ ಅದರ ಹೆಸರು ಬ್ಯಾಂಗಲೋರ್ ಟಾರ್ಪಿಡೊ. ಒಳ್ಳೆಯ ಉಪಾಯವೇ. ಆದರೆ ಪೈಪ್ ಹಿಡಿದು ಬೇಲಿವರೆಗೆ ತೆವಳಲು ಒಬ್ಬ ಮನುಷ್ಯ ಬೇಕು, ಅವನಿಗೆ ಗುಂಡು ತಾಗಬಾರದು.

ಹಾಗಾಗಿ ಉಕ್ಕಿನ ಗೋಡೆಯನ್ನೇ ನಡೆಸಿಕೊಂಡು ಹೋಗುವ ಯೋಚನೆ ಬಂತು. ಉಕ್ಕಿನ ತೂಕ ಹೊತ್ತ ಗಾಲಿ ಶೆಲ್ ಬಿದ್ದು ಕೆಸರಾದ ನೆಲದಲ್ಲಿ ಓಡುವುದು ಹೇಗೆ? ಉತ್ತರ ಬಂದಿದ್ದು ಹೊಲದಿಂದ. ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಸುತ್ತಲಿನ ಮಣ್ಣು ತುಂಬಾ ಮೆತ್ತಗೆ, ಟ್ರ್ಯಾಕ್ಟರ್ ಇಳಿದರೆ ಹೂತುಹೋಗುತ್ತಿತ್ತು. ಬೆಂಜಮಿನ್ ಹೋಲ್ಟ್ 1904ರಲ್ಲಿ ಗಾಲಿ ಕಿತ್ತು ಚೈನ್ ಪಟ್ಟಿ ಹಾಕಿ ನೋಡಿದ. ಭಾರ ಅಗಲಕ್ಕೆ ಹಂಚಿಹೋಗಿ ಗಾಡಿ ತೇಲಿದಂತೆ ಓಡಿತು. ನಮ್ಮಲ್ಲಿ ಕೆರೆ ಹೂಳೆತ್ತಲು ಟೈರಿನ ಜೆಸಿಬಿ ಬಿಟ್ಟು ಚೈನಿನ ಹಿಟಾಚಿ ಕರೆಸುವುದೂ ಇದೇ ಕಾರಣಕ್ಕೆ. ಮೊದಲ ಮಹಾಯುದ್ಧದ ಹಲವು ಟ್ಯಾಂಕುಗಳ ಬೇರು ಹೋಲ್ಟ್ ಟ್ರ್ಯಾಕ್ಟರಿನಲ್ಲಿದೆ.

ಇನ್ನು ಕಂದಕ ದಾಟುವ ಲೆಕ್ಕ. ಮೇಜಿನ ಮೇಲೆ ಒಂದು ಸ್ಕೇಲ್ ಇಟ್ಟು ಅಂಚಿನಾಚೆ ಮೆಲ್ಲಗೆ ತಳ್ಳಿ. ಅರ್ಧ ದಾಟಿದ ತಕ್ಷಣ ಸ್ಕೇಲ್ ಮುಗ್ಗರಿಸುತ್ತದೆ. ಗಾಡಿಯೂ ಹಾಗೆಯೇ. ಅದರ ಭಾರದ ನಡು ಬಿಂದು ಅಂಚು ದಾಟುವ ಮೊದಲೇ ಮೂಗು ಆಚೆ ದಡಕ್ಕೆ ತಾಗಬೇಕು. ಅಂದರೆ ಮೂರು ಮೀಟರಿನ ಕಂದಕ ದಾಟಬೇಕಾದರೆ ಗಾಡಿ ಹೆಚ್ಚುಕಡಿಮೆ ಏಳೆಂಟು ಮೀಟರ್ ಉದ್ದ ಇರಬೇಕು. ಜೊತೆಗೆ ಎದುರಿನ ಮಣ್ಣಿನ ದಿಬ್ಬ ಹತ್ತಲು ಚೈನು ಮುಂದೆ ಎತ್ತರದಲ್ಲಿರಬೇಕು. ಈ ಎರಡನ್ನೂ ಕೂಡಿಸಿದರೆ ಸಿಗುವ ಆಕಾರವೇ ಬ್ರಿಟನ್ನಿನ ಮಾರ್ಕ್ 1. ಓರೆಯಾಗಿ ಒತ್ತಿದ ಪೆಟ್ಟಿಗೆ, ಅದರ ಸುತ್ತ ಮೇಲಿಂದ ಕೆಳಗೆ ಪೂರ್ತಿ ಸುತ್ತುವ ಚೈನು. ಲಿಂಕನ್ ಊರಿನ ವಿಲಿಯಂ ಫಾಸ್ಟರ್ ಕಂಪನಿಯ ವಿಲಿಯಂ ಟ್ರಿಟನ್, ಜೊತೆಗೆ ನೌಕಾಪಡೆಯ ವಾಲ್ಟರ್ ವಿಲ್ಸನ್ ರೂಪಿಸಿದ್ದು. ಆ ಕಂಪನಿಯೂ ಬೇಸಾಯದ ಯಂತ್ರ ಮಾಡುತ್ತಿದ್ದದ್ದೇ! ಮೇಲೆ ಗೋಪುರ ಇಟ್ಟರೆ ಮಗುಚುತ್ತದೆ ಅಂತ ಫಿರಂಗಿಗಳನ್ನು ಎರಡೂ ಪಕ್ಕಕ್ಕೆ ಕೆನ್ನೆಗೆ ಊತ ಬಂದ ಹಾಗೆ ಕೂರಿಸಿದರು. ಗುಟ್ಟು ಬಯಲಾಗದಿರಲಿ ಅಂತ ಕಾರ್ಖಾನೆಯಲ್ಲಿ ಇವು ನೀರಿನ ಟ್ಯಾಂಕುಗಳು ಅಂತ ಹೇಳಿದರು. ಆ ಸುಳ್ಳೇ ಹೆಸರಾಗಿ ನಿಂತಿತು.

1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೊಮ್ ಕದನದಲ್ಲಿ, ಫ್ಲರ್ಸ್ ಹತ್ತಿರ ಇವು ಮೊದಲ ಸಲ ಯುದ್ಧಕ್ಕಿಳಿದವು. ಹೊರಗಿಂದ ನೋಡಿದವರು ಗಾಬರಿ ಬಿದ್ದರು. ಒಳಗಿದ್ದವರ ಪಾಡು ಬೇರೆಯೇ. 28 ಟನ್ ಗಾಡಿ, 105 ಅಶ್ವಶಕ್ತಿಯ ಎಂಜಿನ್, ಅದೂ ಜನ ಕೂತ ಕೋಣೆಯ ನಟ್ಟನಡುವೆ, ಗೋಡೆ-ಗೀಡೆ ಏನೂ ಇಲ್ಲದೆ. ಬೇಸಿಗೆಯ ಅಡುಗೆಮನೆಯಲ್ಲಿ ಒಲೆ ಸುತ್ತ ಎಂಟು ಜನ ಬಾಗಿಲು ಹಾಕಿಕೊಂಡು ನಿಂತ ಹಾಗೆ. ಸೆಕೆ 50 ಡಿಗ್ರಿ ಮುಟ್ಟುತ್ತಿತ್ತು. ಹೊಗೆ ಕುಡಿದು ಜನ ತಲೆ ತಿರುಗಿ ಬೀಳುತ್ತಿದ್ದರು, ವಾಂತಿ ಮಾಡಿಕೊಳ್ಳುತ್ತಿದ್ದರು. ಗಾಡಿ ತಿರುಗಿಸಲು ನಾಲ್ಕು ಜನ ಬೇಕು: ಒಬ್ಬ ಚಾಲಕ, ಬ್ರೇಕ್ ಹಿಡಿಯಲು ನಾಯಕ, ಎಡಬಲದ ಚೈನುಗಳ ಗೇರ್ ಹಾಕಲು ಹಿಂದೆ ಇಬ್ಬರು. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಲೋಹದ ಮೇಲೆ ಟಣ್ ಟಣ್ ಅಂತ ಬಡಿದು, ಬೆರಳು ತೋರಿಸಿ, ಯಾವ ಗೇರ್ ಅಂತ ಹೇಳಬೇಕಿತ್ತು. ಹೊರಗೆ ಗುಂಡು ಬಡಿದರೆ ಒಳಗೆ ಉಕ್ಕಿನ ಚೂರು ಸಿಡಿಯುತ್ತಿತ್ತು. ಅದಕ್ಕೆ ಚರ್ಮದ ಮುಖವಾಡ, ಬಾಯಿ ಮುಂದೆ ಕಬ್ಬಿಣದ ಸಣ್ಣ ಬಳೆಗಳ ಜಾಲರಿ. ವೇಗ? ಗಂಟೆಗೆ ಆರು ಕಿಲೋಮೀಟರ್, ರಸ್ತೆ ಚೆನ್ನಾಗಿದ್ದರೆ.

ಫ್ರೆಂಚರ ಸೇಂಟ್ ಶಾಮೊಂಡ್ ಟ್ಯಾಂಕ್ ನೋಡಿದರೆ ಮೇಜಿನ ಸ್ಕೇಲಿನ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲವೇನೋ ಅನಿಸುತ್ತದೆ. ಕೆಳಗೆ ಹೋಲ್ಟ್ ಮಾದರಿಯ ಚಿಕ್ಕ ಚೈನು. ಮೇಲೆ ಅದಕ್ಕಿಂತ ಎಷ್ಟೋ ಉದ್ದದ ಪೆಟ್ಟಿಗೆ, ಮುಂದೆ ದೋಣಿಯ ಮೂತಿಯಂತೆ ಚಾಚಿಕೊಂಡಿದೆ. ಅದರಾಚೆ ಇನ್ನೂ 75 ಮಿ.ಮೀ. ಫಿರಂಗಿಯ ಕೊಳವೆ. ಕಂದಕ ಬಂದರೆ ಚೈನು ಆಚೆ ದಡ ಮುಟ್ಟುವ ಮೊದಲೇ ಮೂತಿ ಮಣ್ಣಿಗೆ ಕಚ್ಚಿಕೊಳ್ಳುತ್ತಿತ್ತು. ಫಿರಂಗಿ ಒಳ್ಳೆಯದಿತ್ತು, ಪೆಟ್ರೋಲ್ ಎಂಜಿನ್ನಿನಿಂದ ಕರೆಂಟ್ ಮಾಡಿ ಮೋಟಾರ್ ಓಡಿಸುವ ವ್ಯವಸ್ಥೆಯೂ ಜಾಣತನದ್ದೇ. ಕಂದಕ ದಾಟುವುದೊಂದೇ ಬರುತ್ತಿರಲಿಲ್ಲ. ಹಾಗಿದ್ದೂ 400 ಮಾಡಿದರು.

ಜರ್ಮನರ ಎ7ವಿ ಅಂದರೆ ಚೈನಿನ ಮೇಲೆ ಕೂರಿಸಿದ ಉಕ್ಕಿನ ಕೊಟ್ಟಿಗೆ. ಒಳಗೆ 18 ಜನ ಅಥವಾ ಇನ್ನೂ ಜಾಸ್ತಿ. ಮುಂದೊಂದು 57 ಮಿ.ಮೀ. ಫಿರಂಗಿ, ಸುತ್ತ ಆರು ಮಷಿನ್ ಗನ್. ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಚಾಲಕನಿಗೆ ಮೂಗಿನ ಕೆಳಗಿನ ನೆಲವೇ ಕಾಣದು. ಮಾಡಿದ್ದು 20 ಮಾತ್ರ. 1918ರ ಏಪ್ರಿಲ್ 24ರಂದು ವಿಲರ್ಸ್ ಬ್ರೆಟೊನೊ ಎಂಬಲ್ಲಿ ಇವು ಬ್ರಿಟಿಷ್ ಟ್ಯಾಂಕುಗಳಿಗೆ ಎದುರಾದವು. ಟ್ಯಾಂಕಿಗೂ ಟ್ಯಾಂಕಿಗೂ ನಡೆದ ಮೊದಲ ಕಾಳಗ ಅದು. ಆ ದಿನ ಮೆಫಿಸ್ಟೊ ಎಂಬ ಎ7ವಿ ಶೆಲ್ ಗುಂಡಿಗೆ ಬಿದ್ದು ಉಳಿಯಿತು. ಆಮೇಲೆ ಆಸ್ಟ್ರೇಲಿಯನ್ನರು ಅದನ್ನು ಎಳೆದುಕೊಂಡು ಊರಿಗೆ ಸಾಗಿಸಿದರು. ಇಪ್ಪತ್ತರಲ್ಲಿ ಉಳಿದಿರುವುದು ಅದೊಂದೇ, ಬ್ರಿಸ್ಬೇನ್‌ನ ಮ್ಯೂಸಿಯಂನಲ್ಲಿದೆ. ಅದರ ಮೈಮೇಲೆ, ಬ್ರಿಟಿಷ್ ಟ್ಯಾಂಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡುವ ಕೆಂಪು ದೆವ್ವದ ಚಿತ್ರವಿದೆ.

ಸರಿಯಾದ ಆಕಾರ ಸಿಕ್ಕಿದ್ದು 1917ರಲ್ಲಿ, ಪುಟ್ಟ ರೆನೊ ಎಫ್‌ಟಿ ಟ್ಯಾಂಕಿನಲ್ಲಿ. ಎಂಜಿನ್ ಹಿಂದೆ, ಚಾಲಕ ಮುಂದೆ, ನಡುವೆ ಸುತ್ತ ತಿರುಗುವ ಗೋಪುರ. ಈ ಗೋಪುರವನ್ನೇ ಟರೆಟ್ ಅನ್ನುವುದು. ಇವತ್ತಿನ ಹೆಚ್ಚಿನ ಟ್ಯಾಂಕುಗಳೂ ಇದೇ ಅಚ್ಚಿನವು.

ಹಾಗಾದರೆ ಎರಡನೇ ಮಹಾಯುದ್ಧದಲ್ಲಿ ಕುರೂಪಿಗಳು ಹುಟ್ಟಲೇಬಾರದಿತ್ತು. ಹುಟ್ಟಿದವು, ದಂಡಿಯಾಗಿಯೇ. ಈ ಸಲ ಕಾರಣ ತಿಳಿವಳಿಕೆಯ ಕೊರತೆ ಅಲ್ಲ, ಅವಸರ. 1940ರಲ್ಲಿ ಬ್ರಿಟಿಷ್ ಸೇನೆ ತನ್ನ ಗಾಡಿ, ಫಿರಂಗಿಗಳನ್ನೆಲ್ಲ ಫ್ರಾನ್ಸಿನ ದಡದಲ್ಲಿ ಬಿಟ್ಟು ಡಂಕರ್ಕ್‌ನಿಂದ ಜೀವ ಉಳಿಸಿಕೊಂಡು ಬಂದಿತ್ತು. ಮನೆಯಲ್ಲಿದ್ದ ಉಕ್ಕು ಸಾಲದು. ಹಳೇ ಲಾರಿಯ ಮೇಲೆ ಕಾಂಕ್ರೀಟ್ ಸುರಿದು ಗೂಡು ಕಟ್ಟಿ ಅದಕ್ಕೆ ಬೈಸನ್ ಅಂತ ಹೆಸರಿಟ್ಟರು. ವಿಮಾನ ನಿಲ್ದಾಣ ಕಾಯಲು ಅದನ್ನು ನಿಲ್ಲಿಸುತ್ತಿದ್ದರು. ಕಾರಿನ ಚಾಸಿಗೆ ತೆಳು ಉಕ್ಕು, ಅದರ ಹಿಂದೆ ಓಕ್ ಮರದ ಹಲಗೆ ಬಡಿದು ಬೀವರೆಟ್ ಮಾಡಿದರು.

ನ್ಯೂಜಿಲೆಂಡಿನ ಪಾಡು ಇನ್ನೂ ಕಷ್ಟ. ಜಪಾನ್ ಬಂದರೆ ಏನು ಮಾಡುವುದು? ಬ್ರಿಟನ್ ಟ್ಯಾಂಕ್ ಕಳಿಸುವ ಸ್ಥಿತಿಯಲ್ಲಿಲ್ಲ. ಆಗ ಕಾಮಗಾರಿ ಮಂತ್ರಿ ಬಾಬ್ ಸೆಂಪಲ್ ನಮ್ಮ ಇಲಾಖೆಯ ಟ್ರ್ಯಾಕ್ಟರುಗಳನ್ನೇ ಟ್ಯಾಂಕ್ ಮಾಡೋಣ ಅಂತ ಹೊರಟ. ರಸ್ತೆ ಕೆಲಸದ ಕ್ಯಾಟರ್‌ಪಿಲ್ಲರ್ ಡಿ8 ಟ್ರ್ಯಾಕ್ಟರಿನ ಮೇಲೆ ಅಲೆಅಲೆಯಾಗಿ ಮಡಿಸಿದ ಮ್ಯಾಂಗನೀಸ್ ಉಕ್ಕಿನ ಹಾಳೆ ಬೋಲ್ಟ್ ಮಾಡಿದರು. (ಕ್ಯಾಟರ್‌ಪಿಲ್ಲರ್ ಅಂದರೆ ಅದೇ ಹೋಲ್ಟ್ ಕಂಪನಿ, 1925ರಲ್ಲಿ ಇನ್ನೊಂದರ ಜೊತೆ ಸೇರಿ ಆದದ್ದು.) ನೋಡಲು ಥೇಟ್ ನಮ್ಮೂರಿನ ಶೀಟಿನ ಶೆಡ್ಡು. ಆರು ಬ್ರೆನ್ ಮಷಿನ್ ಗನ್, ಎಂಟು ಜನ. ಟ್ರ್ಯಾಕ್ಟರಿನಲ್ಲಿ ಎಂಜಿನ್ ಮುಂದಿರುತ್ತದಲ್ಲ, ಮುಂದಕ್ಕೆ ಗುಂಡು ಹಾರಿಸುವವನಿಗೆ ಕೂರಲು ಜಾಗವೇ ಇಲ್ಲ. ಹಾಗಾಗಿ ಬಿಸಿ ಎಂಜಿನ್ನಿನ ಮೇಲೆ ಒಂದು ಹಾಸಿಗೆ ಹಾಕಿ ಅವನನ್ನು ಮಲಗಿಸಿದರು! ಗೇರ್ ಬದಲಾಯಿಸಬೇಕಾದರೆ ಗಾಡಿ ಪೂರ್ತಿ ನಿಲ್ಲಬೇಕು. 1941ರಲ್ಲಿ ಮೆರವಣಿಗೆಗೆ ತಂದಾಗ ಜನ ಗೇಲಿ ಮಾಡಿದರು. ಕೊನೆಗೆ ತಗಡು ಕಳಚಿ ಟ್ರ್ಯಾಕ್ಟರುಗಳನ್ನು ಹಳೆ ಕೆಲಸಕ್ಕೆ ಕಳಿಸಿದರು. ನನಗೇನೋ ಸೆಂಪಲ್ ಮೇಲೆ ಕನಿಕರವೇ. ಗೇಲಿ ಮಾಡಿದವರ ಹತ್ತಿರ ಬೇರೆ ಟ್ಯಾಂಕ್ ಇರಲಿಲ್ಲ.

ಅಂಥದ್ದೇ ಗಾಡಿ ಬೇರೆ ಕಡೆ ಕೆಲಸಕ್ಕೂ ಬಂತು. 1941ರಲ್ಲಿ ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರಕ್ಕೆ ಮುತ್ತಿಗೆ ಬಿದ್ದಾಗ ಅಲ್ಲಿನ ಕಾರ್ಖಾನೆಯವರು ಫಿರಂಗಿ ಎಳೆಯುವ ಟ್ರ್ಯಾಕ್ಟರಿಗೆ ಹಡಗಿನ ಉಕ್ಕಿನ ಹಾಳೆ, ನಡುವೆ ಮರದ ಹಲಗೆ ಸೇರಿಸಿ ಟ್ಯಾಂಕ್ ಕಟ್ಟಿದರು. ಹೆಸರು ಎನ್‌ಐ. ರಷ್ಯನ್ ಭಾಷೆಯಲ್ಲಿ ಅದನ್ನು ‘ಹೆದರಿಸೋಕೆ’ ಅಂತ ಬಿಡಿಸುತ್ತಾರೆ. ರಾತ್ರಿ ಹೊತ್ತು ದೀಪ ಹಾಕಿಕೊಂಡು, ಸೈರನ್ ಕೂಗಿಸಿಕೊಂಡು ರೊಮೇನಿಯಾದ ಸೈನಿಕರ ಮೇಲೆ ನುಗ್ಗಿದವು ಅಂತ ಕಥೆ. ಕತ್ತಲಲ್ಲಿ ತಗಡು ಯಾವುದು, ಟ್ಯಾಂಕ್ ಯಾವುದು ಅಂತ ಯಾರಿಗೆ ತಿಳಿಯುತ್ತದೆ?

ಅಮೆರಿಕದ ಎಂ3 ಲೀ ಟ್ಯಾಂಕ್ ಕೂಡ ಅವಸರದ ಕೂಸು. 75 ಮಿ.ಮೀ. ಫಿರಂಗಿ ಹಿಡಿಯುವಷ್ಟು ದೊಡ್ಡ ಟರೆಟ್ ಮಾಡಿ ಅಮೆರಿಕದವರಿಗೆ ಅಭ್ಯಾಸ ಇರಲಿಲ್ಲ. ಕಲಿಯುವವರೆಗೆ ಯುದ್ಧ ಕಾಯುವುದಿಲ್ಲ. ಅದಕ್ಕೆ ದೊಡ್ಡ ಫಿರಂಗಿಯನ್ನು ಬಲ ಪಕ್ಕೆಗೆ ಸಿಕ್ಕಿಸಿ, ಮೇಲೆ ಚಿಕ್ಕ 37 ಮಿ.ಮೀ. ಫಿರಂಗಿಯ ಟರೆಟ್ ಇಟ್ಟರು. ಎತ್ತರ ಮೂರು ಮೀಟರಿಗೂ ಜಾಸ್ತಿ. ದೊಡ್ಡ ಫಿರಂಗಿ ಎಡಕ್ಕೆ ಗುರಿ ಹಿಡಿಯಬೇಕಾದರೆ ಇಡೀ ಟ್ಯಾಂಕೇ ತಿರುಗಬೇಕು. ಇದನ್ನು ಪಡೆದ ಸೋವಿಯತ್ ಸೈನಿಕರು ‘ಏಳು ಅಣ್ಣತಮ್ಮಂದಿರ ಗೋರಿ’ ಅಂತ ಕರೆದರು.

ಆದರೆ ಇದೇ ಟ್ಯಾಂಕನ್ನು ಮಣಿಪುರಕ್ಕೆ ತಂದು ನೋಡಿ. 1944ರಲ್ಲಿ ಜಪಾನಿನ ಸೇನೆ ಇಂಫಾಲದ ಬಾಗಿಲಿಗೆ ಬಂದಿತ್ತು. ನಗರದ ಈಶಾನ್ಯಕ್ಕೆ ನುನ್‌ಶಿಗುಮ್ ಎಂಬ ಕಡಿದಾದ ಗುಡ್ಡ. ಅದರ ನೆತ್ತಿಯಲ್ಲಿ ಜಪಾನಿಯರು ಬಂಕರ್ ತೋಡಿ ಕೂತಿದ್ದರು. ಟ್ಯಾಂಕ್ ಅಲ್ಲಿಗೆ ಹತ್ತುತ್ತದೆ ಅಂತ ಅವರು ಎಣಿಸಿರಲಿಲ್ಲ. ಏಪ್ರಿಲ್ 13ರಂದು ಬ್ರಿಟಿಷರ ಥರ್ಡ್ ಕ್ಯಾರಬಿನಿಯರ್ಸ್ ದಳದ ಲೀ ಟ್ಯಾಂಕುಗಳು ಡೋಗ್ರಾ ರೆಜಿಮೆಂಟಿನ ಸೈನಿಕರ ಜೊತೆ ಇಂಚಿಂಚು ಹತ್ತಿದವು. ಮೇಲೆ ಏಣು ಎಷ್ಟು ಇಕ್ಕಟ್ಟು ಅಂದರೆ ಒಂದರ ಹಿಂದೆ ಒಂದೇ ಹೋಗಬೇಕು. ಅಂಥ ಕಡೆ ಫಿರಂಗಿ ಪಕ್ಕಕ್ಕೆ ತಿರುಗದಿದ್ದರೆ ಏನಂತೆ, ಎದುರಿಗೆ ಹೊಡೆದರೆ ಸಾಕು. ಬಂಕರ್‌ಗಳು ಪಕ್ಕದಲ್ಲಿದ್ದರೂ ಟ್ಯಾಂಕಿನ ಸೀಳುಗಂಡಿಯಿಂದ ಕಾಣುತ್ತಿರಲಿಲ್ಲ. ಹಾಗಾಗಿ ಟ್ಯಾಂಕ್ ನಾಯಕರು ತಲೆ ಹೊರಗೆ ಹಾಕಿ ದಾರಿ ತೋರಿಸಿದರು. ಆ ತುಕಡಿಯ ಅಧಿಕಾರಿಗಳೆಲ್ಲ ಸತ್ತರು ಇಲ್ಲವೇ ಗಾಯಗೊಂಡರು. ಕೊನೆಗೆ ಸಾರ್ಜೆಂಟ್ ಮೇಜರ್ ಮುಂದೆ ನಿಂತು ಗುಡ್ಡ ಗೆದ್ದುಕೊಟ್ಟ. ಕೊಹಿಮಾಕ್ಕೆ ಹೋದರೆ ಆ ಕಾಲದ ಇಂಥದ್ದೊಂದು ಟ್ಯಾಂಕ್ ಇವತ್ತಿಗೂ ನಿಂತಿದೆ, ನೋಡಬಹುದು.

ಅತಿ ಆಸೆಯ ಕುರೂಪಿಗಳೂ ಇದ್ದವು. ಲಿಂಕನ್ನಿನ ಹಳೇ ಬಳಗವೇ 1939ರಲ್ಲಿ ಮತ್ತೆ ಸೇರಿ, ಈ ಯುದ್ಧವೂ ಕಂದಕಗಳಲ್ಲೇ ನಡೆಯುತ್ತದೆ ಅಂತ ನಂಬಿ, 80 ಟನ್ನಿನ, 10 ಮೀಟರ್ ಉದ್ದದ ಟ್ಯಾಂಕ್ ಮಾಡಿತು. ಹೆಸರು ಟಾಗ್, ಅಂದರೆ ‘ಹಳೇ ಗ್ಯಾಂಗ್’ ಅನ್ನುವುದರ ಮೊದಲಕ್ಷರಗಳು. ಕಂದಕಗಳು ಬರಲೇ ಇಲ್ಲ. ಜರ್ಮನಿಯ ಫರ್ಡಿನಾಂಡ್ ಪೋರ್ಶೆ 188 ಟನ್ನಿನ ಟ್ಯಾಂಕ್ ಮಾಡಿದ, ಹೆಸರು ಮೌಸ್, ಅಂದರೆ ಇಲಿ! ಅಷ್ಟು ತೂಕವನ್ನು ಯಾವ ಸೇತುವೆಯೂ ತಡೆಯದು. ಹಾಗಾಗಿ ಹೊಳೆಯ ತಳದಲ್ಲೇ ನಡೆದು ದಾಟಬೇಕು, ದಡದಲ್ಲಿ ನಿಂತ ಇನ್ನೊಂದು ಇಲಿ ಕೇಬಲ್‌ನಲ್ಲಿ ಕರೆಂಟ್ ಕಳಿಸಬೇಕು ಅನ್ನುವುದು ಯೋಜನೆ. ಮಾಡಿದ್ದೇ ಎರಡು. ಅವೆರಡರ ಭಾಗ ಕೂಡಿಸಿ ನಿಲ್ಲಿಸಿದ ಒಂದು ರಷ್ಯಾದ ಕುಬಿಂಕಾ ಮ್ಯೂಸಿಯಂನಲ್ಲಿದೆ.

ನನ್ನ ಮೆಚ್ಚಿನ ಕುರೂಪಿಗಳು ಮಾತ್ರ ಪರ್ಸಿ ಹೋಬಾರ್ಟ್‌ನವು. ಈತ ಹುಟ್ಟಿದ್ದು ನೈನಿತಾಲ್‌ನಲ್ಲಿ, 1885ರಲ್ಲಿ. ಬಂಗಾಳ ಸ್ಯಾಪರ್ಸ್ ದಳದಲ್ಲಿ ಪಳಗಿದವನು. ಟ್ಯಾಂಕಿನ ಹುಚ್ಚು ಹಿಡಿದು ಮೇಲಿನವರ ಜೊತೆ ಜಗಳ ಆಡಿ, 1940ರಲ್ಲಿ ಮೇಜರ್ ಜನರಲ್ ಆಗಿದ್ದವನು ನಿವೃತ್ತನಾಗಬೇಕಾಯಿತು. ಸುಮ್ನೆ ಕೂರಲಿಲ್ಲ, ಊರ ಕಾವಲು ಪಡೆಗೆ ಲಾನ್ಸ್ ಕಾರ್ಪೊರಲ್ ಆಗಿ ಸೇರಿಕೊಂಡ. ಚರ್ಚಿಲ್ ಅವನನ್ನು ಹುಡುಕಿ ವಾಪಸ್ ಕರೆಸಿದ.

1942ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಡಿಯೆಪ್ ದಡಕ್ಕಿಳಿದ ಟ್ಯಾಂಕುಗಳು ಬೆಣಚುಕಲ್ಲಿನಲ್ಲಿ ಜಾರಿ, ಗೋಡೆ ದಾಟಲಾಗದೆ ನಾಶವಾಗಿದ್ದವು. ಮುಂದಿನ ಸಲ ಹಾಗಾಗಬಾರದು. ಹೋಬಾರ್ಟ್‌ನ 79ನೇ ಶಸ್ತ್ರಸಜ್ಜಿತ ಡಿವಿಜನ್ ದಡದ ಒಂದೊಂದು ತೊಂದರೆಗೂ ಒಂದೊಂದು ಟ್ಯಾಂಕ್ ಇಟ್ಟುಕೊಂಡಿತು. ನೆಲಬಾಂಬ್ ಇದೆಯಾ? ಮುಂದೆ ತಿರುಗುವ ದಂಡ, ಅದಕ್ಕೆ 43 ಸರಪಳಿ. ಕಣದಲ್ಲಿ ಹುರುಳಿ ಬಡಿದ ಹಾಗೆ ನೆಲ ಬಡಿದುಕೊಂಡು ಹೋಗುತ್ತದೆ, ಬಾಂಬ್ ತಾನೇ ಸಿಡಿಯುತ್ತದೆ. ಮೆತ್ತನೆ ಜೇಡಿಯೇ? ದೊಡ್ಡ ಉರುಳೆಯಿಂದ ಕ್ಯಾನ್ವಾಸ್ ಚಾಪೆ ಹಾಸಿಕೊಂಡು ಅದರ ಮೇಲೆ ತಾನೇ ನಡೆಯುತ್ತದೆ. ಹಳ್ಳವೇ? ಬೆನ್ನ ಮೇಲಿನ ಸೌದೆ ಹೊರೆ ಕೆಡವಿ ದಾಟುತ್ತದೆ. ಕಾಂಕ್ರೀಟ್ ಗೋಡೆಗೆ 290 ಮಿ.ಮೀ. ಗಿಡ್ಡ ಮಾರ್ಟರ್, 18 ಕಿಲೋ ಗುಂಡು. ಅದಕ್ಕೆ ಸೈನಿಕರಿಟ್ಟ ಹೆಸರು ‘ಹಾರುವ ಕಸದ ತೊಟ್ಟಿ’. ಪ್ರತಿ ಸಲ ಗುಂಡು ತುಂಬಲು ಒಳಗಿನವನು ಮೇಲಿನ ಮುಚ್ಚಳ ಸರಿಸಿ, ಶತ್ರುವಿನ ಎದುರೇ ಕೈ ಹೊರಚಾಚಬೇಕಿತ್ತು.

ಈ ಪೈಕಿ ನಂಬಲು ಕಷ್ಟವಾಗುವುದು ಅಮೆರಿಕದ ಶರ್ಮನ್ ಟ್ಯಾಂಕಿನ ತೇಲುವ ರೂಪ. ಹಂಗೆರಿಯಲ್ಲಿ ಹುಟ್ಟಿದ ನಿಕೊಲಸ್ ಸ್ಟ್ರಾಸ್ಲರ್‌ನ ಉಪಾಯ. ತುಂಗಭದ್ರೆಯ ಹರಿಗೋಲು ನೋಡಿದ್ದೀರಲ್ಲ, ಬಿದಿರ ಬುಟ್ಟಿಗೆ ಹೊದಿಕೆ ಹಾಕಿದ್ದು? ಅದನ್ನು ಟ್ಯಾಂಕಿನ ಸುತ್ತ ಎಬ್ಬಿಸಿದ ಹಾಗೆ. ಕ್ಯಾನ್ವಾಸ್ ಗೋಡೆ ನೀರನ್ನು ಬದಿಗೆ ತಳ್ಳುತ್ತದೆ, ಹಾಗೆ ತಳ್ಳಿದ ನೀರಿನ ತೂಕ ಟ್ಯಾಂಕಿನ ತೂಕಕ್ಕೆ ಸಮವಾದರೆ 30 ಟನ್ನಿನ ಉಕ್ಕೂ ತೇಲುತ್ತದೆ. ಟ್ಯಾಂಕ್ ಇರುವುದು ನೀರಿನ ಮಟ್ಟದ ಕೆಳಗೆ, ಹಿಂದೆ ಎರಡು ಪ್ರೊಪೆಲ್ಲರ್. ದಡ ಸೇರಿದ ಕೂಡಲೇ ಗೋಡೆ ಇಳಿಸಿ ಗುಂಡು ಹಾರಿಸಬಹುದು. ಆದರೆ ಹರಿಗೋಲು ನಡೆಸುವವರಿಗೆ ಗೊತ್ತು, ಅಲೆ ಅಂಚು ದಾಟಿ ಒಳಗೆ ಬಂದರೆ ಮುಗಿಯಿತು. 1944ರ ಜೂನ್ 6ರಂದು ಮಿತ್ರಸೇನೆ ಫ್ರಾನ್ಸಿನ ನಾರ್ಮಂಡಿಗೆ ಇಳಿದಾಗ ಬ್ರಿಟಿಷರ ಪಾಲಿನ ಸೋರ್ಡ್ ದಡದಲ್ಲಿ ನೀರಿಗಿಳಿದ ಹೆಚ್ಚಿನವು ದಡ ಸೇರಿದವು. ಅಮೆರಿಕನ್ನರ ಒಮಾಹಾ ದಡದಲ್ಲಿ ಒಂದು ಬೆಟಾಲಿಯನ್ ಸುಮಾರು ಐದು ಕಿಲೋಮೀಟರ್ ದೂರದಲ್ಲೇ, ದೊಡ್ಡ ಅಲೆಗಳಿಗೆ, 29 ಟ್ಯಾಂಕ್ ಇಳಿಸಿತು. 27 ಮುಳುಗಿದವು.

ಹೋಬಾರ್ಟ್‌ನ ಉಳಿದ ಕುರೂಪಿಗಳು ಒಮಾಹಾದಲ್ಲಿರಲಿಲ್ಲ. ಮುಳ್ಳುತಂತಿ ಮಾತ್ರ ಇತ್ತು. ಹಾಗಾಗಿ ಸೈನಿಕರು ಮರಳಲ್ಲಿ ತೆವಳುತ್ತಾ, ಒಂದೂವರೆ ಮೀಟರಿನ ಪೈಪ್ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ತಂತಿಯಡಿ ತೂರಿಸಿದರು. ಬತ್ತಿ ಹಚ್ಚಿ ತಲೆ ತಗ್ಗಿಸಿದರು. 32 ವರ್ಷದ ಹಿಂದೆ ಬೆಂಗಳೂರಿನಲ್ಲಿ ಮಾಡಿದ ಅದೇ ಪೈಪ್.